ಕುಶಲಾ ದೊಡ್ಡಮ್ಮನ ಬಾವಿಯ ನೀರು

ಒಂದೇ ಬಾಟಲಿಯ ನೀರು, ಮೂರು ದಿನ, ಮೂರು ಉತ್ತರ. ಸೋಮವಾರ, ಹೆಚ್ಚಾದರೆ ವಿಷವಾಗುವ ಸೆಲೆನಿಯಂ ಮಿತಿಗಿಂತ ಎಷ್ಟೋ ಹೆಚ್ಚು, ಮಂಗಳವಾರ ಅದರ ಅರ್ಧ, ಬುಧವಾರ ಅದಕ್ಕಿಂತಲೂ ಕಡಿಮೆ. ಮಣಿಪಾಲದ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಮೋಕ್ಷಾ ಗಾಜಿನ ಸಾಮಾನುಗಳನ್ನೆಲ್ಲ ಮತ್ತೆ ತೊಳೆದಳು, ದ್ರಾವಣಗಳನ್ನು ಹೊಸದಾಗಿ ಮಾಡಿದಳು. ಸೆಲೆನಿಯಂ ಪ್ರಮಾಣ ಮೊದಲೇ ಗೊತ್ತಿದ್ದ ಉಕ್ಕಿನ ಚೂರನ್ನು ಆಮ್ಲದಲ್ಲಿ ಕರಗಿಸಿ ನೋಡಿದರೆ ಉತ್ತರ ಸರಿಯಾಗಿಯೇ ಬರುತ್ತಿತ್ತು.

"ಮುಚ್ಚಿದ ಬಾಟಲಿಯಿಂದ ಸೆಲೆನಿಯಂ ಎಲ್ಲಿಗೆ ಓಡಿಹೋಗ್ತದೆ?" ಎಂದು ಮಾರ್ಗದರ್ಶಕ ಲಾಯ್ಡ್ ಸರ್ ಕೇಳಿದಾಗ ಅವಳಿಗೆ ಅಳುವೇ ಬಂತು. ನೀರು ಶಂಕರಪುರದ ಕುಶಲಾ ದೊಡ್ಡಮ್ಮನ ಬಾವಿಯದು. ಸೋಮವಾರವೇ ಅವಸರಪಟ್ಟು ಫೋನ್ ಮಾಡಿ, ಕುಡಿಯಬೇಡಿ ಎಂದು ಹೇಳಿಬಿಟ್ಟಿದ್ದಳು.

ಗುರುವಾರ ಬಸ್ಸು ಹತ್ತಿದಳು. ದೊಡ್ಡಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು.

"ಆಚೆ ಮನೆ ತೆರೆಸಾ ಬಾಯಿಯ ಬಾವಿಯಿಂದ ಕೊಡ ಹೊತ್ತು ಹೊತ್ತು ನನ್ನ ಮೊಣಕಾಲು ಹೋಯ್ತು. ವಿಷ ಉಂಟಾ ಇಲ್ವಾ, ಒಂದು ಹೇಳು."

"ನಾನು ನೀರು ತೆಗೆಯುವ ಮೊದಲು ಬಾವಿಗೆ ಏನಾದರೂ ಹಾಕಿದ್ರಾ?"

"ಎಂತ ಹಾಕುವುದು? ಬ್ಲೀಚಿಂಗ್ ಪೌಡರ್ ಹಾಕಿದೆ. ದೊಡ್ಡ ದೊಡ್ಡವರು ನೋಡುವ ನೀರು, ಗಲೀಜು ಕಾಣಬಾರದಲ್ವಾ?"

ಮೋಕ್ಷಾಳಿಗೆ ಈಗ ಅರ್ಥವಾಯಿತು. ಅವಳ ಪರೀಕ್ಷೆಯಲ್ಲಿ ಸೆಲೆನಿಯಂ ಬರಿಸುವ ಬಣ್ಣವನ್ನೇ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕೂಡ ಬರಿಸುತ್ತದೆ. ಬಾಟಲಿಯಲ್ಲಿ ದಿನದಿಂದ ದಿನಕ್ಕೆ ಕಡಿಮೆಯಾದದ್ದು ಕ್ಲೋರಿನ್. ಇದನ್ನು ಮೊದಲ ವಾರವೇ ಓದಿದ್ದಳು, ಕೇಳಬೇಕೆಂದು ಹೊಳೆದಿರಲಿಲ್ಲ.

"ತಪ್ಪು ನನ್ನದು ದೊಡ್ಡಮ್ಮ," ಎಂದಳು.

ಹತ್ತು ದಿನ ಬಿಟ್ಟು, ಕ್ಲೋರಿನ್ ಪೂರ್ತಿ ಹೋದದ್ದನ್ನು ಖಚಿತಪಡಿಸಿಕೊಂಡು ಹೊಸ ನೀರು ತಂದು ಮೂರು ಸಲ ಪರೀಕ್ಷಿಸಿದಳು. ಬಣ್ಣವೇ ಬರಲಿಲ್ಲ. ಕೂಡಲೇ ಫೋನ್ ಮಾಡಿದಳು.

"ನಮ್ಮ ಪರೀಕ್ಷೆಗೆ ಸಿಗುವಷ್ಟು ಇಲ್ಲ ದೊಡ್ಡಮ್ಮ."

"ಹಾಗಾದರೆ ಸ್ವಲ್ಪ ಉಂಟು?"

"ಇದ್ದರೂ ಮಿತಿಗಿಂತ ಎಷ್ಟೋ ಕೆಳಗೆ. ಧೈರ್ಯವಾಗಿ ಕುಡಿಯಿರಿ."

"ಮೊದಲು ಕುಡಿಯಬೇಡ ಅಂದವಳೂ ನೀನೇ ಅಲ್ವಾ?"

ಭಾನುವಾರ ಮೋಕ್ಷಾ ತಾನೇ ಹೋಗಿ, ಬಾವಿಯಿಂದ ನೀರು ಸೇದಿ, ದೊಡ್ಡಮ್ಮನ ಎದುರೇ ಒಂದು ಚೊಂಬು ಗಟಗಟ ಕುಡಿದಳು. ದೊಡ್ಡಮ್ಮ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

"ಆಗಲಿ, ನಾಳೆ ನೋಡುವ," ಎಂದು ಸೊಂಟಕ್ಕೆ ಕೊಡ ಇಟ್ಟುಕೊಂಡು ತೆರೆಸಾ ಬಾಯಿಯ ಮನೆಯತ್ತ ಹೊರಟರು.

ಮೋಕ್ಷಾ ಆ ಕೊಡ ಕಸಿದುಕೊಂಡು ಮುಂದೆ ನಡೆದಳು.