ನಾಲ್ಕನೆಯ ಪುಸ್ತಕ

ಹ್ಯಾರೋ ಊರಿನ ಚರ್ಚಿಗೆ ವೇಣುಗೋಪಾಲರು ಮೂರು ಪುಸ್ತಕ ತಂದುಕೊಟ್ಟರು. ನಾಲ್ಕನೆಯದನ್ನು ಕೈಚೀಲದಲ್ಲೇ ಇಟ್ಟುಕೊಂಡರು.

ಮಗಳು ಸಂಹಿತಾ ತೀರಿಕೊಂಡು ನಲವತ್ತು ದಿನವಾಗಿತ್ತು. ಯುರೋಪಿನ ಐದುನೂರು ವರ್ಷದ ಹಳೆಯ ಹಾಡುಗಳೆಂದರೆ ಅವಳಿಗೆ ಪ್ರಾಣ. "ಮೊದಲ ಒಂದ ದನಿ ಇತ್ತಪ್ಪಾ," ಎಂದು ಊಟಕ್ಕೆ ಕುಳಿತಾಗ ಹೇಳುತ್ತಿದ್ದಳು. "ಆಮ್ಯಾಲೆ ಅದನ್ನ ತಂಬೂರಿ ಶ್ರುತಿಯಂಗ ಕೆಳಗ ಎಳದು, ಮ್ಯಾಲೆ ಇನ್ನೊಂದು ಕೂಡಿಸಿದರು. ಮುಂದ ನಾಲ್ಕೂ ದನಿ ಸರಿಸಮ ಆದವು. ಒಂದು ಕೇಳಿದರ ಇನ್ನೊಂದು ಉತ್ತರ ಕೊಡತದ." ಆ ಕಾಲದಲ್ಲಿ ಪ್ರತಿ ದನಿಗೂ ಬೇರೆ ಪುಸ್ತಕ, ನಾಲ್ಕನ್ನೂ ಸೇರಿಸಿ ಬರೆದದ್ದು ಹಾಡುವವರ ಮುಂದೆ ಇರುತ್ತಿರಲಿಲ್ಲ. ಅಂಥ ಒಂದು ಚರ್ಚಿನ ಪೂಜೆಯ ಹಾಡಿನಲ್ಲಿ ಟೆನರ್ ಎಂಬ ಎತ್ತರದ ಗಂಡುದನಿಯ ಪುಸ್ತಕ ಎಂದೋ ಕಳೆದುಹೋಗಿತ್ತು. ಉಳಿದ ಮೂರನ್ನು ಮುಂದಿಟ್ಟುಕೊಂಡು, ಇಲ್ಲದ ದನಿಯನ್ನು ಸಂಹಿತಾ ಎರಡು ವರ್ಷ ಕೂತು ಕಟ್ಟಿದಳು. ಕೊನೆಯ ಪುಟಗಳನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಬರೆದಳು. ಅವಳ ಕೈಬರಹದ ನಾಲ್ಕೂ ಪುಸ್ತಕ ಅವಳ ಕಪಾಟಿನಲ್ಲೇ ಇದ್ದವು.

ಆಮೇಲೆ ಕಾರ್ಯಕ್ರಮದ ಕರಪತ್ರ ಬಂತು. ‘ಕಳೆದ ದನಿಯ ಮರುರಚನೆ: ಕಶ್ಯಪ್.’ ಕಶ್ಯಪ್ ಎಂದರೆ ಈ ಹಾಡನ್ನು ಚರ್ಚಿನಲ್ಲಿ ಹಾಡಲಿದ್ದ ಮೇಳದ ಮುಖಂಡ. ಸಂಹಿತಾಳ ಹೆಸರು ಎಲ್ಲೂ ಇರಲಿಲ್ಲ. ವೇಣುಗೋಪಾಲರು ಕರಪತ್ರವನ್ನು ರಾಯರ ಪಟದ ಮುಂದಿಟ್ಟು ಆಣೆ ಮಾಡಿದರು: ಈ ಪುಸ್ತಕ ಅವನ ಕೈ ಸೇರಕೂಡದು.

ಈಗ ಚರ್ಚಿನಲ್ಲಿ ಮೂರೇ ಪುಸ್ತಕ ಕಂಡು ಕಶ್ಯಪ್ ಬೆವರುತ್ತ ಓಡಿಬಂದ. "ಅಂಕಲ್, ಟೆನರ್ ಬುಕ್ ಎಲ್ಲಿ? ಜನ ಬಂದು ಕೂತಿದ್ದಾರೆ."

"ನೀನ ಬರದೀಯಂತಲ್ಲ, ಇನ್ನೊಮ್ಮೆ ಬರಿ. ಪೆನ್ ಕೊಡ್ಲೇನು?"

"ಪ್ಲೀಸ್ ಅಂಕಲ್, ಕಾಪಿ ಇಲ್ಲ."

"ಕಾಪಿ ಬ್ಯಾಡ, ಹಳೇ ಪದ್ಧತಿಯಂಗ ಕೈಬರಹ ನೋಡೇ ಹಾಡೂಣು ಅಂದಾಂವ ನೀನ ಅಲ್ಲೇನು?"

"ನೆಕ್ಸ್ಟ್ ಟೈಮ್ ಅವಳ ಹೆಸರು ಹಾಕ್ತೀನಿ. ಪ್ರಾಮಿಸ್."

"ಮುಂದಿನ ಸಲ ನೋಡಲಿಕ್ಕೆ ಆಕಿ ಎಲ್ಲಿಂದ ಬರಬೇಕೋ?"

ಬೇರೆ ದಾರಿಯಿಲ್ಲದೆ ಮೂರು ದನಿಗಳಲ್ಲೇ ಹಾಡು ಶುರುವಾಯಿತು. ಮೇಲಿನ ದನಿ ಕೇಳಿತು. ಉತ್ತರ ಬರಬೇಕಾದಲ್ಲಿ ಏನೂ ಬರಲಿಲ್ಲ. ಜನ ಮುಖ ಮುಖ ನೋಡಿಕೊಂಡರು. ಮತ್ತೆ ಅದೇ ಖಾಲಿ. ವೇಣುಗೋಪಾಲರ ಹೊಟ್ಟೆ ತಣ್ಣಗಾಯಿತು. ಹಾಡುವವರ ಎದುರು ನಿಂತು ತಾಳಕ್ಕೆ ಬೀಸುತ್ತಿದ್ದ ಕಶ್ಯಪನ ಕೈ ಕೆಳಗಿಳಿಯಿತು. ಅವನು ಜನರತ್ತ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ: ಕಳೆದ ದನಿಯನ್ನು ಬರೆದವಳು ಸಂಹಿತಾ, ನಾನಲ್ಲ. ಕರಪತ್ರದಲ್ಲಿರುವುದು ಸುಳ್ಳು.

ವೇಣುಗೋಪಾಲರು ಎದ್ದು ಹಾಡುವವರತ್ತ ಹೋದರು. ಕಶ್ಯಪ್ ಚಾಚಿದ ಕೈಯನ್ನು ದಾಟಿ, ಪುಸ್ತಕವನ್ನು ಟೆನರ್ ಹಾಡುವವನಿಗೇ ಕೊಟ್ಟು, ಕಶ್ಯಪನತ್ತ ತಿರುಗಿದರು.

"ಆಗಿನ ಕಾಲಕ್ಕ ಹಾಡೋರೊಳಗ ಒಬ್ಬಾಂವ ತಾಳ ಹಾಕತಿದ್ದನಂತ. ಹಿಂಗ ಎದುರು ನಿಂತು ಮೆರೆಯೋರು ಇರಲಿಲ್ಲಂತ. ಸಂಹಿತಾ ಹೇಳ್ಯಾಳ. ಬಾ, ನನ್ನ ಬಾಜೂ ಕೂಡು."

ಕಶ್ಯಪ್ ತಲೆತಗ್ಗಿಸಿ ಬಂದು ಕೂತ. ಟೆನರ್ ಹಾಡುವವನು ಬೆರಳಿನಿಂದ ತಾಳ ಹಿಡಿದ. ಮಗಳ ದನಿ ಬಂತು. ಕಶ್ಯಪನ ಕೈಗಳು ಮೊಣಕಾಲ ಮೇಲಿಂದ ತಾವಾಗಿ ಏಳತೊಡಗಿದವು. ವೇಣುಗೋಪಾಲರು ತಮ್ಮ ಮುದಿ ಕೈಯನ್ನು ಅವುಗಳ ಮೇಲಿಟ್ಟು, ಹಾಡು ಮುಗಿಯುವವರೆಗೂ ಒತ್ತಿ ಹಿಡಿದರು.