ಹಿತ್ತಲ ಮೆಟ್ಟಿಲ ಬಳಿಯ ಚೀಲ

ಮಾವ ಆಸ್ಪತ್ರೆಯಿಂದ ಮನೆಗೆ ಬಂದಾಗ ಸೊಸೆಗೆ ಹೋದ ಜೀವ ಬಂದಂತಾಯಿತು. ಲಿವರ್ ಕಾಯಿಲೆಯಿಂದ ಸೊರಗಿದ್ದ ಆ ಮನುಷ್ಯ ಹೊಸ್ತಿಲು ದಾಟುತ್ತಲೇ ಕೇಳಿದ್ದು ಒಂದೇ ಮಾತು.

"ಚಿಪ್ಪುಮೀನು ಇದೆಯೇನಮ್ಮಾ? ಆಸ್ಪತ್ರೆ ಊಟ ತಿಂದು ನಾಲಿಗೆ ಸತ್ತುಹೋಗಿದೆ."

"ಇದೆ ಮಾವ. ನಿಮಗೇ ಅಂತ ನಿನ್ನೆ ಆಚೆ ದಂಡೆಯಿಂದ ತಂದಿದ್ದೀನಿ."

ಹೊಳೆ ಸಮುದ್ರ ಸೇರುವ ಕಡೆ, ಮನೆಗಳಿಲ್ಲದ ಆಚೆ ದಂಡೆಯ ಮರಳಿನಲ್ಲಿ ಚಿಪ್ಪುಮೀನು ಆರಿಸುವುದು ಆ ಮನೆಯವರ ಕಸುಬು. ತಂದದ್ದನ್ನು ಬಲೆಚೀಲಕ್ಕೆ ತುಂಬಿ, ಈಚೆ ದಂಡೆಯ ಮನೆಯ ಹಿತ್ತಲ ಮೆಟ್ಟಿಲ ಬಳಿ ಹೊಳೆ ನೀರಿಗೆ ಇಳಿಬಿಡುತ್ತಿದ್ದರು. ಬೆಳಗಾಗುವುದರೊಳಗೆ ಅವು ಮರಳನ್ನೆಲ್ಲ ಉಗುಳಿರುತ್ತಿದ್ದವು. ಇದನ್ನು ಸೊಸೆಗೆ ಕಲಿಸಿದವರೇ ಮಾವ. ಆಸ್ಪತ್ರೆಯ ಓಡಾಟದಲ್ಲಿ ನಿಂತೇ ಹೋಗಿದ್ದ ಕೆಲಸವನ್ನು ಅವಳು ನಿನ್ನೆ ಮತ್ತೆ ಶುರು ಮಾಡಿದ್ದಳು.

ಚೀಲ ಮೇಲೆತ್ತುವಾಗ ಪಕ್ಕದ ಮನೆಯ ನರ್ಸಕ್ಕ ಬೇಲಿಯಾಚೆಯಿಂದ ಕೂಗಿದಳು. "ಏಯ್, ಅದು ಯಾರಿಗೆ?"

"ಮಾವನಿಗೆ. ಸುಮ್ಮನೆ ಬಿಸಿನೀರು ತೋರಿಸಿದ್ರೆ ಸಾಕಂತೆ. ಬೆಂದ್ರೆ ರಬ್ಬರ್ ಆಗುತ್ತಂತೆ."

"ಅಯ್ಯೋ ದೇವರೇ, ಕೆಳಗಿಡು ಅದನ್ನ!"

ಗಲಾಟೆಗೆ ಮಾವನೂ ಕೋಲೂರಿಕೊಂಡು ಬಂದರು. "ಬಾಯಿಗೆ ಬಂದ ತುತ್ತಿಗೆ ಕಲ್ಲು ಹಾಕ್ತೀಯೇನೇ?"

"ಹಾಕ್ತೀನಿ ದೊಡ್ಡಪ್ಪ. ಇದು ಬಾಯಿ ತೆಗೆದು ಮರಳು ಉಗುಳುವಾಗ ನೀರನ್ನೂ ಎಳ್ಕೊಳ್ಳುತ್ತೆ. ನೀರಲ್ಲಿರೋ ರೋಗಾಣು ಒಳಗೇ ಉಳ್ಕೊಳ್ಳುತ್ತೆ."

"ಆಚೆ ದಂಡೇದು ಕಣೇ! ಕನ್ನಡಿಯಂಥ ನೀರು. ಮೂಸಿ ನೋಡು, ವಾಸನೆ ಇದೆಯಾ?"

"ರೋಗಾಣುಗೆ ವಾಸನೆನೂ ಇಲ್ಲ, ರುಚಿನೂ ಇಲ್ಲ. ಇರಲಿ, ಆಚೆ ದಂಡೆ ಚೆನ್ನಾಗೇ ಇದೆ ಅನ್ನಿ. ರಾತ್ರಿಯೆಲ್ಲ ಇದು ಎಲ್ಲಿತ್ತು? ಅಲ್ನೋಡಿ."

ಮೆಟ್ಟಿಲ ಪಕ್ಕದಲ್ಲೇ ಒಂದು ದಪ್ಪ ಪೈಪು ಬೂದು ನೀರು ಸುರಿಸುತ್ತಿತ್ತು.

"ಇದು ಯಾವಾಗ ಬಂತು?" ಮಾವ ಬೆರಗಾದರು.

"ನೀವು ಆಸ್ಪತ್ರೇಲಿ ಮಲಗಿದ್ದಾಗ. ಬೀದಿ ಚರಂಡೀನ ಈ ಕಡೆ ತಿರುಗಿಸಿದ್ರು." ಸೊಸೆ ಪೈಪಿನತ್ತ ತಿರುಗಿದಳು. ದಿನಾ ಕಣ್ಣಿಗೆ ಬೀಳುತ್ತಿದ್ದ ಅದು ಅವಳ ಮನಸ್ಸಿಗೆ ಬಿದ್ದಿರಲೇ ಇಲ್ಲ. "ಚೆನ್ನಾಗಿ ತೊಳೆದ್ರೆ ಆಗಲ್ವಾ ಅಕ್ಕಾ?"

"ಚಿಪ್ಪು ತೊಳೀಬಹುದು. ಹೊಟ್ಟೆ ಹೇಗೆ ತೊಳೀತೀಯಾ? ಗಟ್ಟಿಮುಟ್ಟಾದವರಿಗೇ ವಾಂತಿಭೇದಿ ಹಿಡಿಯುತ್ತೆ. ಲಿವರ್ ಸೋತವರು ಹಸೀದೋ ಅರೆಬೆಂದದ್ದೋ ತಿಂದ್ರೆ ರೋಗಾಣು ರಕ್ತಕ್ಕೇ ಇಳಿದು ಜೀವ ತೆಗೀಬಹುದು."

ಸೊಸೆ ಚೀಲವನ್ನು ಕೆಳಗಿಟ್ಟಳು. ಮಾವ ತಾವೇ ಅದನ್ನು ಕಸದ ಗುಂಡಿಗೆ ಸುರಿದರು. "ಇದನ್ನ ಯಾರಿಗೂ ಮಾರೋದೂ ಬೇಡ. ಇನ್ಮೇಲೆ ಆಚೆ ದಂಡೆಯಿಂದ ಸೀದಾ ಐಸ್ ಪೆಟ್ಟಿಗೆಗೆ."

ಡಾಕ್ಟರ್ ಒಪ್ಪಿದ ಮೇಲೊಂದು ದಿನ ಆ ಮನೆಯ ಪಾತ್ರೆ ಮತ್ತೆ ಕುದಿಯಿತು. ಚಿಪ್ಪು ಬಾಯಿ ಬಿಟ್ಟ ಮೇಲೂ ಸೊಸೆ ಒಲೆ ಆರಿಸಲಿಲ್ಲ, ಇನ್ನೂ ಐದು ನಿಮಿಷ ಕುದಿಸಿದಳು. ಬಾಯಿ ಬಿಡದವನ್ನು ಎಸೆದಳು.

ಮಾವ ಅಗಿದು ನೋಡಿದರು. "ರಬ್ಬರೇ! ಆದ್ರೆ ರುಚಿಯಾದ ರಬ್ಬರು." ಮತ್ತೆ ಮೆಲ್ಲಗೆ ಹೇಳಿದರು, "ಬೇಲಿಯಾಚೆಗೆ ಒಂದು ತಟ್ಟೆ ಕೊಟ್ಟು ಬಾಮ್ಮಾ. ಅವತ್ತು ಅವಳು ಕಲ್ಲು ಹಾಕಿದ್ದಕ್ಕೇ ಇವತ್ತು ನನಗೆ ಈ ತುತ್ತು."

ನಿಮ್ಮ ಚಿಪ್ಪುಮೀನು ಎಲ್ಲಿಂದ ಬಂತು, ಯಾವ ನೀರಿನಲ್ಲಿ ನೆನೆದಿತ್ತು ಎಂದು ಕೇಳಿ ತಿಳಿಯಿರಿ. ಚರಂಡಿ ಸೇರುವ ಕಡೆ ಆರಿಸಬೇಡಿ, ಅಲ್ಲಿ ನೆನೆಸಿಡಲೂಬೇಡಿ. ಹಸಿ, ಅರೆಬೆಂದದ್ದು ಬೇಡವೇ ಬೇಡ. ಬೇಲಿಯಾಚೆಯಿಂದ ಯಾರಾದರೂ ತಡೆದರೆ ಮುನಿಯಬೇಡಿ. ಅವರಿಗೂ ಒಂದು ತಟ್ಟೆ ಕಳಿಸಿ.