ಎಡಭುಜದ ಹೂ

ಗುರುಶಾಂತ ಸತ್ತ ತಂದೆಯ ಎಡಭುಜದ ಮೇಲೆ ಕಣಗಿಲ ಹೂವೊಂದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಬಲಭುಜದ ಹೂವನ್ನು ಸುಮ್ಮನೆ ಇಟ್ಟಿದ್ದ. ಕಾಸಾರಶಿರಸಿಯ ಕಿರಾಣಿ ಅಂಗಡಿಯ ಮನ್ಮಥಪ್ಪನ ಹೆಣವನ್ನು ಬರಿ ಮೈಗೆ ವಿಭೂತಿ ಬಳಿದು ಗೋಡೆಗೊರಗಿಸಿ ಕೂರಿಸಿದ್ದರು.

“ಅಪ್ಪನ್ನ ಎತ್ತೂ ಮುಂದ ಬಲದ್ದು ಬಿತ್ತಂದ್ರ ಮತ್ತ ಲಾತೂರದ ನೀಟ್ ಕ್ಲಾಸಿಗಿ ಹೋಗ್ಬೇಕು, ಡಾಕ್ಟರ್ ಆಗ್ಬೇಕು. ಎಡದ್ದು ಬಿತ್ತಂದ್ರ ಉದಗೀರಕ್ಕ ಹೋಗು, ದನದ ಡಾಕ್ಟರ್ ಆಗು. ನಾ ಅಡ್ಡ ಬರಲ್ಲ,” ಎಂದು ಗುರುಶಾಂತ ಮಗಳು ದಾನೇಶ್ವರಿಗೆ ಎಲ್ಲರೆದುರೇ ಹೇಳಿದ.

“ಎರಡ ಸಲ ಪರೀಕ್ಷಾ ಬರದೀನಿ ಅಪ್ಪಾ. ಈಗ ಉದಗೀರದ ಸೀಟಾದ್ರೂ ಸಿಕ್ಕ್ಯದ. ಸೇರ್ಲಿಕ್ಕ ನಾಳಿಗೇ ಕಡೀ ದಿನ.”

“ಅದಕ್ಕೇ ಇವತ್ತ ಕೇಳಲತ್ತೀನಿ.”

ಪಕ್ಕದಂಗಡಿಯ ನಾಗಣ್ಣ ತಲೆಯಾಡಿಸಿದ. “ಮನ್ಮಥಪ್ಪ ಕಾಕಾನ ಹೂ ಎಂದೂ ಸುಳ್ಳಾಗಿಲ್ಲವ್ವ. ನನ್ನ ಮಗನ್ನ ಡಿ.ಎಡ್‌ಗಿ ಹಚ್ಚಿದ್ದೂ ಅವರೇ.”

“ನೌಕರಿ ಸಿಕ್ತೇನ್ರೀ?” ಎಂದಳು ದಾನೇಶ್ವರಿ.

“ಇನ್ನಾ ಕಾಯಲತ್ತಾನ. ಅದಕ್ಕ ಹೂವೇನ್ ಮಾಡ್ತದ?”

* * *

ಜೂನ್ ಬಂತೆಂದರೆ ಮನ್ಮಥಪ್ಪನ ಅಂಗಡಿಗೆ ಬೇಳೆ ಕೊಳ್ಳುವವರಿಗಿಂತ ಮಕ್ಕಳ ಓದಿನ ದಾರಿ ಕೇಳುವವರೇ ಹೆಚ್ಚು ಬರುತ್ತಿದ್ದರು. ಲಿಂಗದ ಎಡಬಲಕ್ಕೆ ಒದ್ದೆ ಹೂ ಅಂಟಿಸುತ್ತಿದ್ದ. ಮೊದಲು ಬಿದ್ದ ಹೂವಿನದೇ ದಾರಿ. ಕೆಟ್ಟ ಮನುಷ್ಯನೇನಲ್ಲ, ಮಕ್ಕಳಿಗೇನು ತಿಳಿದೀತು ಎಂದು ನಂಬಿದವ, ಅಷ್ಟೇ.

ಗುರುಶಾಂತ ಹತ್ತನೆಯದು ಪಾಸಾದಾಗ ನಿಲಂಗಾದ ಐ.ಟಿ.ಐ. ಸೇರಿ ಮೋಟಾರು ರಿಪೇರಿ ಕಲಿಯುತ್ತೇನೆಂದ. ಅಂದೂ ಹೂ ಇಟ್ಟರು, ಒಂದು ನಿಲಂಗಾಕ್ಕೆ, ಒಂದು ಅಂಗಡಿಗೆ. ನಿಲಂಗಾದ ಹೂವಿನ ಹಿಂದೆ ಅಪ್ಪ ಹಸಿ ವಿಭೂತಿ ಮೆತ್ತುವುದನ್ನು ಹುಡುಗ ಕಂಡ. ಬಾಗಿಲಲ್ಲಿ ನಿಂತಿದ್ದ ತಾಯಿ ಶಿವಕಾಂತಮ್ಮನೂ ಕಂಡಳು. ಅಂಗಡಿಯ ಹೂ ಬಿತ್ತು.

“ದೇವರು ಹೇಳ್ಯಾನ,” ಎಂದ ಮನ್ಮಥಪ್ಪ.

ಗುರುಶಾಂತ ಮರುದಿನವೇ ತಕ್ಕಡಿ ಹಿಡಿದ. ಇಂದಿಗೂ ಬೀದಿಯಲ್ಲಿ ಗಾಡಿ ಕೆಟ್ಟು ನಿಂತರೆ ಗಿರಾಕಿಯನ್ನು ಬಿಟ್ಟು ಹೋಗಿ ನೋಡುತ್ತಾನೆ. ಕೈ ಮಾತ್ರ ಹಚ್ಚುವುದಿಲ್ಲ.

* * *

“ಆಯೀ, ಅಪ್ಪ ಎಡದ ಹೂವಿಗಿ ಹಸಿ ವಿಭೂತಿ ಮೆತ್ಯಾನ. ನಾ ನೋಡೀನಿ. ಮಂದಿಗಿ ನೀ ಹೇಳು,” ಎಂದು ದಾನೇಶ್ವರಿ ಅಜ್ಜಿಯ ಕೈ ಹಿಡಿದಳು.

ಶಿವಕಾಂತಮ್ಮ ಮೊಮ್ಮಗಳ ತಲೆ ನೇವರಿಸಿದಳು. ಆದರೆ ಬಾಯಿ ಬಿಟ್ಟರೆ, ಗಂಡ ಊರ ಮಕ್ಕಳಿಗೆಲ್ಲ ಇಟ್ಟ ಹೂ ಅವನ ಹೆಣದ ಮುಂದೆಯೇ ಸುಳ್ಳಾಗುತ್ತಿತ್ತು.

“ಹೋಗೂ ಮನಷ್ಯಾನ ಮಾನ ಕಳೀಬ್ಯಾಡ ತಂಗೀ,” ಎಂದಳು.

ಎತ್ತಿದರು. ಬಲದ ಹೂ ಬಿತ್ತು. “ಹರ ಹರ!” ಎಂದು ಜನ ಕೂಗಿದರು. ಗುರುಶಾಂತ ಅದನ್ನು ಆರಿಸಿ ಮಗಳ ಓಢಣಿಯ ತುದಿಗೆ ಬಿಗಿಯಾಗಿ ಕಟ್ಟಿದ.

ಹೊಲದವರೆಗೂ ಕಲ್ಲುದಾರಿ. ಹೊತ್ತವರ ಹೆಗಲು ಏರಿಳಿಯಿತು, ಹೆಣ ತೂಗಾಡಿತು. ಕುಣಿಗೆ ಇಳಿಸುವಾಗ ಒಂದು ಕಡೆ ವಾಲಿ ಕೊರಳ ಹಾರವೂ ಹರಿದು ಬಿತ್ತು. ಎಡಭುಜದ ಹೂ ಅಲುಗಲಿಲ್ಲ. ನಾಗಣ್ಣ ಅದನ್ನೇ ನೋಡಿದ, ಆಮೇಲೆ ಗುರುಶಾಂತನನ್ನು ನೋಡಿದ.

ಉಪ್ಪು ಸುರಿದರು. ಮಣ್ಣು ಎದೆಮಟ್ಟ ಬಂದರೂ ಹೂ ಅಲ್ಲೇ ಇತ್ತು.

“ನೀನೂ ಒಂದ ಹಿಡಿ ಹಾಕವ್ವಾ,” ಎಂದು ಗುರುಶಾಂತ ಮಗಳ ಕೈಗೆ ಮಣ್ಣು ಕೊಟ್ಟ. ದಾನೇಶ್ವರಿ ಹಾಕಿದಳು. ಅದು ಹೂವಿನ ಮೇಲೆಯೇ ಬಿತ್ತು.